ಅಪ್ಪಟ ನಕಲಿ

ಗುಮ್ಮಿ ಸೂಜಿಗೆ ದಾರ ಪೋಣಿಸಿ, ತುದಿಗೆ ಗಂಟು ಹಾಕಿ, ಕೋಟಿನ ಒಳಮೈಯನ್ನು ತೊಡೆಯ ಮೇಲೆ ಹರಡಿಕೊಂಡಳು. ಕುತ್ತಿಗೆಯ ಹಿಂಭಾಗದಲ್ಲಿ, ಎರಡು ಬೆರಳಿನಷ್ಟು ಕೆಳಗೆ, ಲೇಬಲ್ ಇಡಬೇಕು. ಮೊದಲು ನಾಲ್ಕು ಮೂಲೆಗೆ ಒಂದೊಂದು ಹೊಲಿಗೆ, ಆಮೇಲೆ ಸುತ್ತಲೂ ಸಣ್ಣ ಹೊಲಿಗೆ. ಸೂಜಿ ಅಸ್ತರಿನ ಬಟ್ಟೆಯನ್ನು ಮಾತ್ರ ಹಿಡಿಯಬೇಕು, ಅದರ ಹಿಂದಿನ ಚರ್ಮಕ್ಕೆ ತಾಕಬಾರದು. ತಾಕಿದರೆ ಕೈಗೆ ಗೊತ್ತಾಗುತ್ತದೆ. ಬಟ್ಟೆಯಲ್ಲಿ ಸೂಜಿ ಸುಮ್ಮನೆ ಹೋಗುತ್ತದೆ, ಚರ್ಮದಲ್ಲಿ ಒಂದು ಕ್ಷಣ ತಡೆದು, ಯೋಚನೆ ಮಾಡಿ, ಆಮೇಲೆ ಹೋಗುತ್ತದೆ. ಒಂದು ಕೋಟು ಮುಗಿಸಿ, ದಾರವನ್ನು ಹಲ್ಲಿನಲ್ಲಿ ಕಡಿದು, ಇನ್ನೊಂದನ್ನು ಎಳೆದುಕೊಂಡಳು.

ಲೇಬಲ್ ಮೇಲೆ ಒಂದು ನರಿ ನಗುತ್ತಿತ್ತು. ಅದರ ಕೆಳಗೆ ಹಸಿರು ಅಕ್ಷರದಲ್ಲಿ, "ಈ ಉಡುಪಿಗಾಗಿ ಯಾವ ಪ್ರಾಣಿಯನ್ನೂ ಕೊಂದಿಲ್ಲ" ಎಂದು ಬರೆದಿತ್ತು.

ಕೋಟು ನರಿಯದ್ದು.

ಗುಮ್ಮಿ ಅನ್ನುವುದು ಮಾವ ಇಟ್ಟ ಹೆಸರು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು, ಒಂದು ಬಟ್ಟೆಯ ಚೀಲ ಹಿಡಿದುಕೊಂಡು ಅವಳು ಅತ್ತೆಯ ಮನೆಗೆ ಬಂದ ದಿನ, "ಊಟ ಆಯ್ತಾ?" ಅಂದರೆ ಉತ್ತರವಿಲ್ಲ, "ದಾರಿಯಲ್ಲಿ ತೊಂದರೆ ಆಗಲಿಲ್ಲ ತಾನೇ?" ಅಂದರೂ ಉತ್ತರವಿಲ್ಲ. "ನಿಮ್ಮಣ್ಣ ಮಗಳನ್ನ ಕಳಿಸ್ತೀನಿ ಅಂತ ಹೇಳಿ ಗುಮ್ಮನಗುಸುಕೀನ ಕಳಿಸಿದಾನೆ ಕಣೇ" ಎಂದು ಮಾವ ಅತ್ತೆಗೆ ಹೇಳಿ ನಕ್ಕಿದ್ದ. ಗುಮ್ಮನಗುಸುಕಿ ಸವೆದು ಗುಮ್ಮಿಯಾಯಿತು. ಆರು ವರ್ಷದಿಂದ ಅಂಗಡಿಯ ಹಿಂದಿನ ಕೋಣೆಯೇ ಅವಳ ಕೆಲಸ, ಅದರ ಮೇಲಿನ ಕೋಣೆಯೇ ಅವಳ ಮನೆ.

ಅಂಗಡಿ ಮಾವನ ಅಪ್ಪನ ಕಾಲದ್ದು. ಆಗ ಬಾಗಿಲ ಮೇಲಿನ ಬೋರ್ಡು "ಅಪ್ಪಟ ಅಸಲಿ ತುಪ್ಪಳ" ಎಂದು ಹೇಳುತ್ತಿತ್ತು. ಆಗಿನ ಕಾಲದ ಮೋಸವೆಂದರೆ ಮೊಲಕ್ಕೆ ಬಣ್ಣ ಹಾಕಿ ನರಿ ಅನ್ನುವುದು. ಎರಡು ವರ್ಷದ ಹಿಂದೆ ಪ್ರಾಣಿದಯೆಯವರ ಗುಂಪು ಬೀದಿಗೆ ಬಂತು. ಗಾಜಿನ ಮೇಲೆ ಕೆಂಪು ಬಣ್ಣ ಎರಚಿದರು, ಬಾಗಿಲಿಗೆ ಒದ್ದರು, ಮಾವನನ್ನು ಕೊಲೆಗಡುಕ ಎಂದು ಕೂಗಿದರು. ಮೂರನೇ ದಿನ ಬೋರ್ಡು ಬದಲಾಯಿತು. "ಅಪ್ಪಟ ನಕಲಿ ತುಪ್ಪಳ" ಎಂದು ದೊಡ್ಡದಾಗಿ ಬರೆಸಿ, ಕೆಳಗೆ, "ನೂರಕ್ಕೆ ನೂರು ನಕಲಿ. ಮೋಸವೆಂದು ತೋರಿಸಿದವರಿಗೆ ಬಹುಮಾನ" ಎಂದು ಸೇರಿಸಿದ. ಅಕ್ಷರ ಬರೆಯುವವನೇ ಏಣಿಯ ಮೇಲಿಂದ ಬಗ್ಗಿ, "ಸಾರ್, ಎಲ್ಲೂ ತಪ್ಪಿಲ್ಲ ತಾನೇ?" ಎಂದು ಎರಡು ಸಲ ಕೇಳಿದ್ದನಂತೆ.

ಮೊದಲ ತಿಂಗಳು ಮಾವ ನಿಜವಾಗಿಯೂ ನಕಲಿಯನ್ನೇ ತರಿಸಿದ. ಸುಳ್ಳು ಹೇಳಬಾರದು, ಒಂದು ತಿಂಗಳು ಆತ ಪ್ರಾಮಾಣಿಕನಾಗಿದ್ದ. ಆದರೆ ಆ ಮಾಲು ಪಾತ್ರೆ ಉಜ್ಜುವ ಬ್ರಷ್ಷಿನ ಹಾಗಿತ್ತು. ಹಾಕಿಕೊಂಡವರ ತಲೆಗೂದಲು ನೆಟ್ಟಗೆ ನಿಂತು ಚಟಪಟ ಅನ್ನುತ್ತಿತ್ತು. ಒಳ್ಳೆಯ ನಕಲಿ ಇತ್ತು, ಅದು ಅಸಲಿಗಿಂತ ದುಬಾರಿ. ಬೋನಿನಲ್ಲಿ ಸಾಕಿ ಸುಲಿದ ನರಿ ಮೂಟೆಮೂಟೆಯಾಗಿ ಅಗ್ಗಕ್ಕೆ ಸಿಗುತ್ತಿತ್ತು. ಮಾವ ಒಂದು ರಾತ್ರಿ ನಿದ್ದೆಗೆಟ್ಟ, ಬೆಳಗ್ಗೆ ಎದ್ದಾಗ ಆತನ ಮುಖದಲ್ಲಿ ಜ್ಞಾನೋದಯವಾದ ಕಳೆಯಿತ್ತು.

"ಮೊದಲು ನಾವು ಮೊಲಾನ ನರಿ ಅಂತ ಮಾರ್ತಿದ್ವಿ. ಇನ್ಮೇಲೆ ನರೀನ ಪ್ಲಾಸ್ಟಿಕ್ ಅಂತ ಮಾರೋಣ. ಯೋಚನೆ ಮಾಡಿ ನೋಡಿ, ಗಿರಾಕಿಗೆ ಈಗಲೇ ಲಾಭ!"

ಗಿರಾಕಿಗಳು ಬಂದರು. ತೋಳನ್ನು ಸವರಿ, "ಅಯ್ಯೋ, ಎಷ್ಟು ಚೆನ್ನಾಗಿ ಮಾಡಿದಾರೆ, ಥೇಟ್ ಅಸಲಿ ಥರಾನೇ ಇದೆ!" ಅನ್ನುವರು. ಮಾವ ಕೈ ಮುಗಿದು, "ವಿಜ್ಞಾನ ಎಲ್ಲಿಗೆ ಹೋಗಿದೆ ನೋಡಿ" ಅನ್ನುವನು.

ಹಿಂದಿನ ಕೋಣೆಯಲ್ಲಿ ಇದಕ್ಕೆ ಒಬ್ಬನ ವಿರೋಧವಿತ್ತು. ಅವನು ಬ್ಲೇಡ್ ತಾತ. ಮಾವನ ಅಪ್ಪನ ಕಾಲದಿಂದ ಅಲ್ಲೇ ಕೂತು ತುಪ್ಪಳ ಕೊಯ್ಯುವವನು. ತುಪ್ಪಳಕ್ಕೆ ಕತ್ತರಿ ತಾಗಿಸಬಾರದು, ಕೂದಲು ತುಂಡಾಗುತ್ತದೆ. ಚರ್ಮದ ಕಡೆಯಿಂದ ಬ್ಲೇಡ್ ಎಳೆದರೆ ಚರ್ಮ ಮಾತ್ರ ಸೀಳಿ, ಕೂದಲು ಹಾಗೇ ಉಳಿಯುತ್ತದೆ. ತಾತ ಸೇರಿಸಿ ಹೊಲಿದ ಎರಡು ತುಂಡುಗಳ ನಡುವಿನ ಗೆರೆಯನ್ನು ದೇವರೂ ಹುಡುಕಲಾರ. ಗುಮ್ಮಿ ಹುಡುಕುತ್ತಿದ್ದಳು, ಬೆರಳಿನಲ್ಲಿ. ಅದಕ್ಕೇ ತಾತನಿಗೆ ಅವಳ ಮೇಲೆ ಒಂದು ಚೂರು ಗೌರವ, ಒಂದು ಚೂರು ಹೊಟ್ಟೆಕಿಚ್ಚು.

"ಲೋ ಮರಿ ಯಜಮಾನ," ತಾತ ಬ್ಲೇಡಿನಿಂದ ತಲೆ ಎತ್ತದೆ ಹೇಳುತ್ತಿದ್ದ. "ಕೊಂದಿದ್ದು ಸಾಲದು ಅಂತ, ಅದು ಹುಟ್ಟೇ ಇರಲಿಲ್ಲ ಅಂತೀಯಲ್ಲೋ. ನರಿಗೆ ಇದಕ್ಕಿಂತ ಅವಮಾನ ಬೇಕಾ?"

"ನರಿ ಬಂದು ದೂರು ಕೊಡ್ತಾ ತಾತ?"

"ಆ ಧೈರ್ಯದ ಮೇಲೇ ತಾನೇ ನೀನು ಅಂಗಡಿ ನಡೆಸ್ತಿರೋದು. ಗೋಮುಖ ವ್ಯಾಘ್ರ ಅಂತ ಕೇಳಿದ್ದೆ. ನಿಂದು ಪ್ಲಾಸ್ಟಿಕ್ ಮುಖದ ನರಿ."

"ಆಹಾ, ಐವತ್ತು ವರ್ಷ ಸುಲಿದ ಚರ್ಮ ಹೊಲಿದೋನು ದಯೆ ಬಗ್ಗೆ ಹೇಳ್ತಾನೆ!"

"ದಯೆ ಬಗ್ಗೆ ಯಾರೋ ಹೇಳಿದ್ದು? ಮರ್ಯಾದೆ ಬಗ್ಗೆ ಹೇಳ್ತಿದೀನಿ. ನಾನು ಹೊಲಿದದ್ದು ನರಿ. ನರಿ ಅಂತಾನೇ ಮಾರು."

ಅತ್ತೆ ಇಬ್ಬರಿಗೂ ಚಹಾ ಕೊಟ್ಟು ಬಾಯಿ ಮುಚ್ಚಿಸುತ್ತಿದ್ದಳು. ಗುಮ್ಮಿ ಲೇಬಲ್ ಹೊಲಿಯುತ್ತಿದ್ದಳು. ಅವಳಿಗೆ ಬರುತ್ತಿದ್ದ ಯೋಚನೆ ಸಣ್ಣದು. ಪ್ರಾಣಿ ಸತ್ತಿದೆ. ಸತ್ತಿಲ್ಲ ಎಂದು ತಾನು ಹೊಲಿಯುತ್ತಿದ್ದೇನೆ. ಹಾಗಾದರೆ ಅದು ಎಲ್ಲಿಗೆ ಹೋಯಿತು?

ಆ ಬೆಳಗ್ಗೆ ಹನ್ನೊಂದನೇ ಕೋಟಿಗೆ ಲೇಬಲ್ ಹಾಕುತ್ತಿದ್ದಾಗ ಮುಂದಿನ ಬಾಗಿಲಿನ ಗಂಟೆ ಸದ್ದು ಮಾಡಿತು. ಹಿಂದೆಯೇ ಗಂಟೆಗಿಂತ ದೊಡ್ಡ ಧ್ವನಿ ಬಂತು. "ಅಣ್ಣಾ! ಎಲ್ಲಿದೀರಿ? ಒಳ್ಳೇ ಸುದ್ದಿ!"

ಬಂದವರು ಬೋರ್ಡು ಮೇಡಂ. ಎರಡು ವರ್ಷದ ಹಿಂದೆ ಇದೇ ಬಾಗಿಲ ಮುಂದೆ, ತಮಗಿಂತ ಎತ್ತರದ ಬೋರ್ಡು ಹಿಡಿದು, ಮಾವನ ಏಳು ತಲೆಮಾರಿಗೆ ಶಾಪ ಹಾಕಿದವರು. ನಕಲಿ ಎಂದು ಬರೆದ ಹೊಸ ಬೋರ್ಡು ನೋಡಿದ ದಿನ ಒಳಗೆ ಬಂದು ಮಾವನ ಎರಡೂ ಕೈ ಹಿಡಿದು ಅತ್ತಿದ್ದರು. ಅಂದಿನಿಂದ ಕೊಲೆಗಡುಕ ಹೋಗಿ ಅಣ್ಣ ಬಂದ. ಚಳಿಗಾಲದ ಶುರುವಿನಲ್ಲಿ ಮೊಣಕಾಲು ಮುಚ್ಚುವಷ್ಟು ಉದ್ದದ ಬೂದು ಬಣ್ಣದ ಕೋಟೊಂದನ್ನು ಕೊಂಡಿದ್ದರು. ಅದನ್ನು ಹಾಕಿಕೊಂಡೇ ಬೇರೆ ಅಂಗಡಿಗಳ ಮುಂದೆ ಘೋಷಣೆ ಕೂಗುತ್ತಿದ್ದರು.

ಅತ್ತೆ ಕರೆದಳು, ಗುಮ್ಮಿ ಹೋಗಿ ಕೌಂಟರಿನ ಪಕ್ಕ ನಿಂತಳು. ಇದು ಮಾವನ ವ್ಯಾಪಾರದ ಗುಟ್ಟು. ಗಿರಾಕಿ ಬಂದಾಗ ಗುಮ್ಮಿ ಅಲ್ಲಿರಬೇಕು. "ನನ್ನ ಬಾಯಿ ನೋಡಿದ್ರೆ ಜನಕ್ಕೆ ಅನುಮಾನ, ಇವಳ ಬಾಯಿ ಮುಚ್ಚಿರೋದು ನೋಡಿದ್ರೆ ನಂಬಿಕೆ" ಅನ್ನುತ್ತಿದ್ದ.

"ನಮ್ಮ ಸಂಘದಿಂದ ನಿಮಗೆ ಪ್ರಶಸ್ತಿ ಪತ್ರ ಕೊಡ್ತಿದೀವಿ," ಮೇಡಂ ಹೇಳಿದರು. "ಪ್ರಾಣಿಸ್ನೇಹಿ ಅಂಗಡಿ! ಊರಿಗೇ ಮೊದಲನೇದು. ನಾಡಿದ್ದು ಇಲ್ಲೇ ಕಾರ್ಯಕ್ರಮ. ಪತ್ರಿಕೆಯವರೂ ಬರ್ತಾರೆ."

"ಅಯ್ಯೋ, ನಮ್ಮಂಥ ಸಣ್ಣವರಿಗೆ ಯಾಕಮ್ಮ..." ಮಾವ ಆಗಲೇ ಫೋಟೋಗೆ ಮೀಸೆ ತಿರುವುತ್ತಿದ್ದ.

"ಬರೀ ಭಾಷಣ ಅಲ್ಲ ಅಣ್ಣಾ. ಜನಕ್ಕೆ ಒಂದು ಪ್ರಯೋಗ ತೋರಿಸ್ತೀನಿ. ಕೂದಲು ಕಿತ್ತು ಬೆಂಕಿ ತಾಗಿಸೋದು. ನಕಲಿ ಆದ್ರೆ ಕರಗಿ ಮಣಿ ಥರ ಆಗತ್ತೆ, ಪ್ಲಾಸ್ಟಿಕ್ ವಾಸನೆ. ಅಸಲಿ ಆದ್ರೆ ತಲೆಕೂದಲು ಸುಟ್ಟ ಹಾಗೆ ನಾತ, ಮುಟ್ಟಿದ್ರೆ ಬೂದಿ. ನಿಮ್ಮ ಅಂಗಡಿ ಮಾಲನ್ನೇ ಸುಟ್ಟು ತೋರಿಸೋಣ. ಚಿನ್ನಾನ ಬೆಂಕಿಗೆ ಹಾಕಿದ್ರೆ ತಾನೇ ಗೊತ್ತಾಗೋದು?"

ಮಾವನ ಕೈ ಮೀಸೆಯಲ್ಲೇ ನಿಂತಿತು. ಬಾಯಲ್ಲಿ ಬಿಸಿ ತುಪ್ಪ ಬಿದ್ದವನ ಹಾಗೆ ಕಂಡ. ಆದರೂ ಮೂವತ್ತು ವರ್ಷದ ವ್ಯಾಪಾರಿ. "ಓಹೋ, ಧಾರಾಳವಾಗಿ! ಆದ್ರೆ ಕೋಟು ಸುಡೋದು ಬೇಡಮ್ಮ. ಒಂದು ಕಾಲರ್ ಕೊಡ್ತೀನಿ. ನಾನೇ ಆರಿಸಿ ಕೊಡ್ತೀನಿ."

ಮೇಡಂ ಹೊರಡುವ ಮುಂಚೆ ಗುಮ್ಮಿಯ ಗಲ್ಲ ತಟ್ಟಿದರು. "ಏನ್ ಮರಿ, ಚೆನ್ನಾಗಿದೀಯಾ? ಈ ಕೋಟು ನನ್ನ ಪ್ರಾಣ ಉಳಿಸಿದೆ ಕಣೇ ಈ ಚಳೀಲಿ. ಒಂದೇ ತೊಂದರೆ. ನಮ್ಮನೆ ನಾಯಿ ಇದನ್ನ ಕಂಡ್ರೆ ಗುರ್ ಅನ್ನತ್ತೆ. ಮೊಳೆಗೆ ನೇತುಹಾಕಿದ್ರೆ ಕೆಳಗೆ ಕೂತು ಊಳಿಡತ್ತೆ. ಪ್ಲಾಸ್ಟಿಕ್ ವಾಸನೆ ಆಗಲ್ಲ ಅನ್ಸುತ್ತೆ ಪಾಪ, ಅಲ್ವಾ?"

ಅಂಗಡಿಯಲ್ಲಿ ಇಬ್ಬರಿಗೆ ಕೆಮ್ಮು ಬಂತು. ಗುಮ್ಮಿ ನೆಲ ನೋಡಿದಳು.

ಅವಳನ್ನು ಕೊರೆಯುತ್ತಿದ್ದುದು ನಾಯಿಯಲ್ಲ. ಕೋಟು ಕೊಂಡ ದಿನ ಮೇಡಂ ಕನ್ನಡಿಯ ಮುಂದೆ ನಿಂತು, ಮಾವನ ಭಾಷಣವನ್ನೆಲ್ಲ ಕೇಳಿ, ಕೊನೆಗೆ ಇವಳ ಕಡೆ ತಿರುಗಿದ್ದರು. "ನಿನ್ನ ಮಾವ ಮಾತಿನ ಮಲ್ಲ. ಅವರ ಮಾತು ಬೇಡ. ನೀನು ಹೇಳು ಮರಿ. ಇದು ನಕಲಿ ತಾನೇ?" ಈ ಊರಿಗೆ ಬಂದ ಮೇಲೆ ಗುಮ್ಮಿಯನ್ನು ಯಾರಾದರೂ ಒಂದು ವಿಷಯ ಕೇಳಿ, ಉತ್ತರಕ್ಕೆ ಕಾದದ್ದು ಅದೇ ಮೊದಲು. ಮೇಡಂ ಹಿಂದೆ ಮಾವ, ಮಾವನ ಹಿಂದೆ ಅತ್ತೆ, ಅತ್ತೆಯ ತಲೆಯ ಮೇಲೆ ತಾನು ಮಲಗುವ ಕೋಣೆ. ಗುಮ್ಮಿ ತಲೆ ಆಡಿಸಿದಳು. ಹೌದು ಎಂದು. "ಸಾಕು," ಮೇಡಂ ಹೇಳಿದ್ದರು. "ಕಮ್ಮಿ ಮಾತಾಡೋರು ಸುಳ್ಳು ಹೇಳಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ತಲೆ ಆಡಿಸಿದರೆ ಹೋಗುವುದೇನು ಎಂದು ಯಾರೂ ಹೇಳಿಲ್ಲ. ಆಮೇಲಿನ ಎರಡು ತಿಂಗಳು ಗುಮ್ಮಿ ಆ ಒಂದು ಆಡಿಸುವಿಕೆಯನ್ನು ವಾಪಸು ತೆಗೆದುಕೊಳ್ಳುವುದು ಹೇಗೆ ಎಂದು ಯೋಚಿಸಿದ್ದಳು. ತಲೆಯನ್ನು ಅಡ್ಡಡ್ಡ ಆಡಿಸಿದರೆ ಸಾಲುವುದೇ? ಯಾರ ಮುಂದೆ, ಎಷ್ಟು ಸಲ?

ಆ ಕೋಟನ್ನು ಅವಳು ಚೆನ್ನಾಗಿ ಬಲ್ಲಳು. ಎಡ ತೋಳಿನಲ್ಲಿ, ಮುಂಗೈ ಹತ್ತಿರ, ಒಂದು ಹಳೆಯ ಗಾಯದ ಗುರುತಿತ್ತು. ಚರ್ಮದ ಕಡೆಯಿಂದ ಮಾತ್ರ ಕಾಣುವಂಥದ್ದು. "ಬೋನಲ್ಲಿ ಇಡ್ತಾರಲ್ಲ," ತಾತ ಅದಕ್ಕೆ ತೇಪೆ ಹಾಕುತ್ತ, ಮೋಡ ಕಟ್ಟಿದೆ ಅನ್ನುವ ಧಾಟಿಯಲ್ಲಿ ಹೇಳಿದ್ದ. "ತಲೆ ಕೆಟ್ಟು ತಮ್ಮ ಕಾಲನ್ನ ತಾವೇ ಕಚ್ಕೊಳ್ತವೆ." ಮೇಡಂ ಮಾತಾಡುವಾಗ ಅವರ ಬಲಗೈ ಬೆರಳು ಸದಾ ಅದೇ ಜಾಗವನ್ನು ಸವರುತ್ತಿತ್ತು.

ಮೇಡಂ ಹೋದರು. ಮಾವ ಸ್ಟೂಲಿನ ಮೇಲೆ ಕುಸಿದ.

"ಕಾಲರ್ ಕೊಡ್ತೀನಿ ಅಂದೆಯಲ್ಲ, ಎಲ್ಲಿಂದ ಕೊಡ್ತೀಯಾ?" ಅತ್ತೆ ಕೇಳಿದಳು. "ಈ ಅಂಗಡೀಲಿ ನಕಲಿ ಅಂತ ಇರೋದು ನೀನೊಬ್ಬನೇ."

"ಮೊದಲ ಲೋಡಲ್ಲಿ ಬಂದಿತ್ತಲ್ಲ, ಕಿತ್ತಳೆ ಬಣ್ಣದ್ದು, ಒಂದು ಉಳಿದಿತ್ತು..."

ಗಂಡ ಹೆಂಡತಿ ಇಬ್ಬರೂ ಹುಡುಕಿದರು. ಗೋಣಿಚೀಲ, ಕಪಾಟು, ಇಸ್ತ್ರಿ ಮೇಜಿನ ಕೆಳಗೆ. ಗುಮ್ಮಿಗೆ ಗೊತ್ತಿತ್ತು, ಆದರೆ ಅವಳನ್ನು ಯಾರೂ ಕೇಳಲಿಲ್ಲ. ಕೊನೆಗೆ ಅತ್ತೆಯೇ ಕಂಡುಹಿಡಿದಳು. ತಾತನ ಕೆಲಸದ ಮೇಜಿಗೆ ಒಂದು ಕಾಲು ಗಿಡ್ಡ. ಅದರ ಕೆಳಗೆ ನಾಲ್ಕು ಮಡಿಕೆಯಾಗಿ, ಎರಡು ವರ್ಷದಿಂದ ಮೇಜಿನ ಭಾರ ಹೊತ್ತುಕೊಂಡು, ಅಂಗಡಿಯ ಏಕೈಕ ನಕಲಿ ಮಾಲು ಬಿದ್ದಿತ್ತು. ಎಳೆದು ಝಾಡಿಸಿದರು. ಬೆಕ್ಕು ಉಗುಳಿದ ಉಂಡೆಯ ಹಾಗಿತ್ತು.

ಅಷ್ಟರಲ್ಲಿ ಬ್ಲೇಡ್ ತರಲು ಹೋಗಿದ್ದ ತಾತ ಬಂದ. ಮಾವ ಅವನಿಗೆ ಸುಡುವ ವಿಷಯ ಹೇಳಲಿಲ್ಲ. ಹೇಳಿದರೆ ಮರ್ಯಾದೆಯ ಬಗ್ಗೆ ಇನ್ನೊಂದು ಗಂಟೆ ಕೊರೆಯುತ್ತಾನೆ. "ತಾತ, ನಾಡಿದ್ದು ದೊಡ್ಡದೊಡ್ಡವರು ಬರ್ತಿದಾರೆ. ಈ ಕಾಲರನ್ನ ಎಲ್ಲರ ಮುಂದೆ ಎತ್ತಿ ತೋರಿಸ್ಬೇಕು. ತೊಳೆದು, ಬಾಚಿ, ನೋಡೋ ಹಾಗೆ ಮಾಡಿ ಪೆಟ್ಟಿಗೇಲಿ ಇಡು."

ತಾತ ಎರಡು ಬೆರಳಿನಲ್ಲಿ ಅದನ್ನು ಹಿಡಿದ. "ಇದನ್ನ? ನಮ್ಮ ಅಂಗಡಿ ಕೆಲಸ ಅಂತ?"

"ಹೂಂ."

"ಜನರ ಮುಂದೆ?"

"ಹೂಂ ಅಂದೆನಲ್ಲ ತಾತ!"

ತಾತ ಮತ್ತೆ ಮಾತಾಡಲಿಲ್ಲ. ಅವನು ಮಾತಾಡದೆ ಇದ್ದದ್ದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ, ಗುಮ್ಮಿಯೊಬ್ಬಳನ್ನು ಬಿಟ್ಟು.

ಕಾರ್ಯಕ್ರಮದ ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೂವತ್ತು ಜನ ಇದ್ದರು. ಅರ್ಧ ಜನ ಸಂಘದವರು, ಉಳಿದರ್ಧ ಬಿಟ್ಟಿ ಬಿಸ್ಕತ್ತಿನವರು. ಪತ್ರಿಕೆಯ ಫೋಟೋದವನು ಕುರ್ಚಿಯ ಮೇಲೆ ಹತ್ತಿ ನಿಂತಿದ್ದ. ಮಾವ ಹೊಸ ಅಂಗಿ ಹಾಕಿ, ಮೀಸೆಗೆ ಎಣ್ಣೆ ಹಚ್ಚಿದ್ದ. ಮೇಡಂ ಬೂದು ಕೋಟಿನಲ್ಲಿ, ಕೈಯಲ್ಲಿ ಚೌಕಟ್ಟು ಹಾಕಿದ ಪ್ರಶಸ್ತಿ ಪತ್ರ ಹಿಡಿದು, ಮೇಜಿನ ಹಿಂದೆ ನಿಂತಿದ್ದರು. ಮೇಜಿನ ಮೇಲೆ ಒಂದು ಸ್ಟೀಲ್ ತಟ್ಟೆ, ಒಂದು ಲೈಟರ್.

"ಹೋಗಿ ಕಾಲರ್ ತಗೊಂಡ್ ಬಾ ಗುಮ್ಮಿ," ಅತ್ತೆ ಪಿಸುಗುಟ್ಟಿದಳು. "ಒಂದ್ಸಲ ಬಾಚಿ ತಾ."

ಹಿಂದಿನ ಕೋಣೆಯಲ್ಲಿ ತಾತ ಒಗೆದ ಅಂಗಿ ಹಾಕಿಕೊಂಡು, ಮದುವೆ ಗಂಡಿನ ಅಪ್ಪನ ಹಾಗೆ ಕೂತಿದ್ದ. ಪೆಟ್ಟಿಗೆಯನ್ನು ತಾನೇ ಮುಂದೆ ತಳ್ಳಿದ. ಗುಮ್ಮಿ ಮುಚ್ಚಳ ತೆಗೆದಳು.

ಕಿತ್ತಳೆ ಬಣ್ಣವೇನೋ ಅದೇ. ಬೆರಳು ಇಟ್ಟಳು, ಬೆರಳು ಮುಳುಗಿತು. ಒಂದು ಕ್ಷಣ ತಣ್ಣಗಿದ್ದು, ಆಮೇಲೆ ಅದೇ ಬೆಚ್ಚಗಾಗತೊಡಗಿತು. ಬಗ್ಗಿ ಮೆಲ್ಲಗೆ ಊದಿದಳು. ಕೂದಲು ಹೂವಿನ ಹಾಗೆ ಬಿಚ್ಚಿಕೊಂಡು, ಬುಡದಲ್ಲಿ ಬಿಳಿಯ ಚರ್ಮ ಕಂಡಿತು. ಕೆಂಪು ನರಿ. ಸಣ್ಣಸಣ್ಣ ತುಂಡುಗಳನ್ನು ಸೇರಿಸಿ ಮಾಡಿದ್ದು. ಎಷ್ಟು ತುಂಡು ಎಂದು ಅವಳ ಬೆರಳಿಗೂ ಸಿಗಲಿಲ್ಲ.

"ನಿನ್ನೆ ಇಡೀ ದಿನ ಕೂತೆ," ತಾತ ಹೇಳಿದ. ಅವನ ಕಣ್ಣು ಹೊಳೆಯುತ್ತಿತ್ತು. "ಐವತ್ತು ವರ್ಷದಲ್ಲಿ ಒಂದ್ಸಲ ನಮ್ಮ ಕೆಲಸಾನ ಜನರ ಮುಂದೆ ಎತ್ತಿ ತೋರಿಸ್ತಾರೆ. ಆ ಕಸಾನ ತೋರಿಸ್ಲಾ? ಅದು ಎಲ್ಲಿತ್ತೋ ಅಲ್ಲೇ ಇದೆ ನೋಡು. ಹೇಗಿದೆ, ಹೇಳು."

ಗುಮ್ಮಿ ಮೇಜಿನ ಕಾಲು ನೋಡಿದಳು. ನಕಲಿ ಕಾಲರ್ ಮಡಿಸಿಕೊಂಡು ತನ್ನ ಹಳೆಯ ಕೆಲಸಕ್ಕೆ ಸೇರಿಕೊಂಡಿತ್ತು.

"ತಾತ, ಇದನ್ನ ಸುಡ್ತಾರೆ."

ಅವಳ ಧ್ವನಿ ಕೇಳಿಯೇ ತಾತ ಅರ್ಧ ಬೆಚ್ಚಿದ. ಮಿಕ್ಕರ್ಧ ಮಾತು ತಿಳಿದ ಮೇಲೆ. "ಸುಡ್ತಾರಾ? ಯಾಕೆ?"

"ನಕಲಿ ಅಂತ ತೋರಿಸೋಕೆ."

ತಾತನ ಭುಜ ಕುಲುಕತೊಡಗಿತು. ಅಳುತ್ತಿದ್ದಾನೆ ಎಂದುಕೊಂಡಳು, ನಗುತ್ತಿದ್ದ. ಕಣ್ಣು ಒರೆಸಿಕೊಂಡು, ಮೇಜಿನ ಅಂಚಿಗೆ ಎರಡೂ ಕೈ ಕೊಟ್ಟ. "ಸರಿ, ನಾನು ಎತ್ತಿ ಹಿಡೀತೀನಿ, ನೀನು ಎಳ್ಕೋ. ಬದಲಾಯಿಸ್ತೀಯಾ?"

ಹೊರಗಿನಿಂದ ಮಾವನ ಧ್ವನಿ ಬಂತು. "ಗುಮ್ಮೀ!" ಒಂದು ನಿಮಿಷದ ಕೆಲಸ. ಎಳೆದು, ಝಾಡಿಸಿ, ಪೆಟ್ಟಿಗೆಗೆ ಹಾಕಿದರೆ ಮುಗಿಯಿತು. ಎಲ್ಲವೂ ಇದ್ದ ಹಾಗೇ ಇರುತ್ತದೆ. ಮಾವನಿಗೆ ಪತ್ರ, ಅತ್ತೆಗೆ ಸಮಾಧಾನ, ತನಗೆ ಮೇಲಿನ ಕೋಣೆ. ಮೇಡಂ ಮನೆಯ ನಾಯಿ ಮೊಳೆಯ ಕೆಳಗೆ ಕೂತು ಊಳಿಡುತ್ತಲೇ ಇರುತ್ತದೆ. ಊರಿನಲ್ಲಿ ನಿಜ ಹೇಳುವ ಪ್ರಾಣಿ ಅದೊಂದೇ.

"ಬೇಡ ತಾತ," ಗುಮ್ಮಿ ಹೇಳಿದಳು. "ಮೇಜು ಅಲ್ಲಾಡುತ್ತೆ."

ತಾತ ಮೇಜಿನಿಂದ ಕೈ ತೆಗೆದ. ಅವಳನ್ನು ಹೊಸದಾಗಿ ನೋಡುವವನ ಹಾಗೆ ನೋಡಿದ. "ಹೌದು ಹೌದು," ಎಂದ. "ಮೊದಲೇ ಗಿಡ್ಡ ಕಾಲು."

ಗುಮ್ಮಿ ಕಾಲರನ್ನು ಬಾಚಿದಳು, ಬುಡದಿಂದ ತುದಿಗೆ, ಐದು ಸಲ. ಪೆಟ್ಟಿಗೆ ತೆಗೆದುಕೊಂಡು ಹೊರಟಳು.

ಮಾವನಿಗೆ ಮಾತು ಬರುತ್ತಿತ್ತು, ಮಾಲು ಮುಟ್ಟಿ ಗುರುತಿಸಲು ಬರುತ್ತಿರಲಿಲ್ಲ. ಅವನ ಅಪ್ಪನ ಕೈ ತಾತನಿಗೆ ಹೋಗಿ, ಬಾಯಿ ಮಾತ್ರ ಮಗನಿಗೆ ಬಂದಿತ್ತು. ಕಾಲರ್ ಎತ್ತಿ, "ಎಷ್ಟು ಚೆನ್ನಾಗಿ ತೊಳೆದಿದಾನೆ ನೋಡು ಮುದುಕ" ಎಂದು ಅತ್ತೆಗೆ ಗುಟ್ಟಾಗಿ ಹೇಳಿ, ಜನರ ಕಡೆ ತಿರುಗಿದ.

"ಬಂಧುಗಳೇ! ಒಂದು ಕಾಲದಲ್ಲಿ ನಾನೂ ಪಾಪಿ. ಒಪ್ಕೋತೀನಿ. ಈ ತಾಯಿ ಬಂದು ನನ್ನ ಕಣ್ಣು ತೆರೆಸಿದ್ರು. ಇವತ್ತು ನನ್ನ ಅಂಗಡೀಲಿ ಒಂದು ಇಲಿಯ ಕೂದಲು ಸಿಕ್ಕಿದ್ರೂ ಈ ಮೀಸೆ ಬೋಳಿಸ್ತೀನಿ."

ಚಪ್ಪಾಳೆ. ಮೇಡಂ ಕಾಲರಿನಿಂದ ಒಂದು ಚಿಟಿಕೆ ಕೂದಲು ಕಿತ್ತು, ಎಲ್ಲರಿಗೂ ಕಾಣುವಂತೆ ತಟ್ಟೆಯ ಮೇಲೆ ಹಿಡಿದರು. "ನೋಡ್ತಾ ಇರಿ, ಈಗ ಮೇಣದ ಹಾಗೆ ಕರಗತ್ತೆ. ಅಣ್ಣಾ, ಹಚ್ಚಿ."

ಮಾವ ಲೈಟರ್ ಒತ್ತಿದ. ಕ್ಯಾಮೆರಾ ಮಿಂಚಿತು. ಕೂದಲು ಕರಗಲಿಲ್ಲ. ಸುರ್ ಎಂದು ಸುರುಟಿಕೊಂಡು, ಕಪ್ಪಾಗಿ, ತಟ್ಟೆಗೆ ಬೂದಿಯಾಗಿ ಉದುರಿತು. ಆಮೇಲೆ ವಾಸನೆ ಬಂತು. ಮೊದಲ ಸಾಲಿನವರು ಮೂಗಿಗೆ ಕೈ ಇಟ್ಟರು, ಆಮೇಲೆ ಎರಡನೇ ಸಾಲು, ಆಮೇಲೆ ಬಾಗಿಲ ಹತ್ತಿರ ಬಿಸ್ಕತ್ತು ತಿನ್ನುತ್ತಿದ್ದವರು. ಆ ವಾಸನೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೇಡಂ ಆಗಷ್ಟೇ ಹೇಳಿದ್ದರು.

"ಮೀಸೆ!" ಮಾವ ಕೂಗಿದ. "ನನ್ನ ಮೀಸೆ ಸುಟ್ಟಿತು! ಅದರ ವಾಸನೆ!"

ಎಲ್ಲರೂ ಅವನ ಮೀಸೆ ನೋಡಿದರು. ಎಣ್ಣೆ ಹಚ್ಚಿ ತಿರುವಿದ್ದು ತಿರುವಿದ ಹಾಗೇ ಇತ್ತು.

"ಸುಟ್ಟಿಲ್ಲವಲ್ಲ ಸಾರ್," ಕುರ್ಚಿಯ ಮೇಲಿದ್ದ ಫೋಟೋದವನು ಹೇಳಿದ. ಎತ್ತರದಲ್ಲಿದ್ದವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

"ಒಳಗಡೆ ಸುಟ್ಟಿದೆ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕತೆ ಎಲ್ಲರಿಗೂ ಗೊತ್ತು. ಮಾವ ಅವನಿಗಿಂತ ಒಂದು ಹೆಜ್ಜೆ ಮುಂದೆ ಹೋದ. ಕೈಯಲ್ಲಿ ಲೈಟರ್ ಇತ್ತು. ಮುಖವನ್ನು ಗೋಡೆಯ ಕಡೆ ತಿರುಗಿಸಿ, ಕೆಮ್ಮಿದ ಹಾಗೆ ಮಾಡಿ, ಬಲಗಡೆಯ ಮೀಸೆಗೆ ತಾನೇ ಬೆಂಕಿ ತಾಗಿಸಿಕೊಂಡ. ಎಣ್ಣೆ ಹಚ್ಚಿದ ಮೀಸೆ ಭಗ್ ಎಂದಿತು. ಅತ್ತೆ ಚೀರಿ, ಕೈಗೆ ಸಿಕ್ಕ ಚಹಾವನ್ನು ಗಂಡನ ಮುಖಕ್ಕೆ ಎರಚಿದಳು.

"ನೋಡಿದ್ರಾ?" ಅರ್ಧ ಮೀಸೆಯ ಮಾವ, ಗಲ್ಲದಿಂದ ಚಹಾ ತೊಟ್ಟಿಕ್ಕಿಸುತ್ತ, ಗೆದ್ದವನ ಹಾಗೆ ಕೇಳಿದ. "ನೋಡಿದ್ರಾ, ಸುಟ್ಟಿದೆ!"

ಯಾರೋ ಕಿಸಕ್ಕೆಂದರು. ನಗು ಹಿಂದಿನಿಂದ ಮುಂದಕ್ಕೆ ಬಂತು. ಮೇಡಂ ನಗಲಿಲ್ಲ. ಅವರು ಮಾವನ ಕೈಯಿಂದ ಲೈಟರ್ ತೆಗೆದುಕೊಂಡರು. ಬಲಗೈ ಬೆರಳು ಅಭ್ಯಾಸದಂತೆ ಎಡ ತೋಳಿನ ಅದೇ ಜಾಗಕ್ಕೆ ಹೋಯಿತು. ಅಲ್ಲಿಂದ ಒಂದು ಚಿಟಿಕೆ ಬೂದು ಕೂದಲು ಕಿತ್ತು, ತಟ್ಟೆಯ ಮೇಲೆ ಹಿಡಿದು, ಬೆಂಕಿ ತಾಗಿಸಿದರು.

ಸುರ್ ಎಂದಿತು. ಅದೇ ಬೂದಿ, ಅದೇ ವಾಸನೆ. ನಗು ನಿಂತಿತು.

"ಕಿಟಕಿ ತೆಗೀರಿ, ಬಾಗಿಲು ತೆಗೀರಿ," ಎಂದು ಯಾರೋ ಹೇಳಿ, ಯಾರೋ ತೆಗೆದರು. ಹೊರಗಿನ ಚಳಿ ಒಮ್ಮೆಲೇ ನುಗ್ಗಿ ಬಂತು.

ಮೇಡಂ ಮಾವನನ್ನು ನೋಡಲಿಲ್ಲ. ಗುಮ್ಮಿಯನ್ನು ನೋಡಿದರು. "ನೀನು ತಲೆ ಆಡಿಸಿದ್ದೆ," ಎಂದರು. ಬೋರ್ಡು ಹಿಡಿದು ಕೂಗುವ ಧ್ವನಿಯಲ್ಲ, ತೀರ ಸಣ್ಣ ಧ್ವನಿ.

ಅತ್ತೆ ಗುಮ್ಮಿಯ ಸೊಂಟ ಚಿವುಟಿದಳು. ಆ ಚಿವುಟಿನಲ್ಲಿ ಮೇಲಿನ ಕೋಣೆಯಿತ್ತು, ಆರು ವರ್ಷದ ಅನ್ನವಿತ್ತು.

"ಹೌದು ಮೇಡಂ," ಗುಮ್ಮಿ ಹೇಳಿದಳು. "ಅದು ಸುಳ್ಳು."

ಕೋಣೆಯಲ್ಲಿದ್ದ ಅರ್ಧ ಜನಕ್ಕೆ ಅವಳಿಗೆ ಮಾತು ಬರುತ್ತದೆ ಎಂದು ಗೊತ್ತಾದದ್ದೇ ಆಗ.

"ಇದು ಏನು ಹಾಗಾದ್ರೆ?"

"ನರಿ. ಹದಿನಾಲ್ಕು ನರಿ. ನೀವು ಯಾವಾಗಲೂ ಸವರೋ ಜಾಗದಲ್ಲಿ ಒಂದು ಗಾಯ ಇದೆ. ಅದೇ ಕಚ್ಕೊಂಡಿದ್ದಂತೆ."

ಮೇಡಂ ಬೆರಳು ಆ ಜಾಗದಿಂದ ಎದ್ದಿತು. ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲಿ ನಿಂತಿತು. ಹಿಂದಿನ ಕೋಣೆಯ ಬಾಗಿಲಿಗೆ ತಾತ ಬಂದು ನಿಂತಿದ್ದ. ಮಾವ ಉಳಿದ ಅರ್ಧ ಮೀಸೆಯನ್ನು ಕೈಯಿಂದ ಮುಚ್ಚಿಕೊಂಡಿದ್ದ. ಸಂಘದವರು ಮೇಡಂ ಏನು ಮಾಡುತ್ತಾರೆ ಎಂದು ನೋಡುತ್ತಿದ್ದರು. ಈಗ ಕೋಟು ಬಿಚ್ಚಿ ಬಿಸಾಡುತ್ತಾರೆ, ಕಾಲಿನಿಂದ ತುಳಿಯುತ್ತಾರೆ ಎಂದು ಫೋಟೋದವನು ಕ್ಯಾಮೆರಾ ಸರಿಪಡಿಸಿಕೊಂಡ. ಮೇಡಂ ಮೊದಲನೇ ಗುಂಡಿಗೆ ಕೈ ಹಾಕಿದರು. ತೆರೆದ ಬಾಗಿಲಿನಿಂದ ಗಾಳಿ ಬೀಸಿತು. ಅವರ ಕೈ ಗುಂಡಿಯನ್ನು ಬಿಟ್ಟು, ಕೋಟಿನ ಎರಡೂ ಅಂಚನ್ನು ಹಿಡಿದು, ಎದೆಯ ಮೇಲೆ ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಿತು. ತಾವು ಹಾಗೆ ಮಾಡಿದ್ದು ಅವರಿಗೇ ಗೊತ್ತಾಯಿತು. ಮುಖ ಕೆಂಪಾಯಿತು. ಆದರೂ ಕೈ ಸಡಿಲವಾಗಲಿಲ್ಲ.

ಗುಮ್ಮಿ ಅಂಗಿಯ ಜೇಬಿನಿಂದ ಹೊಲಿಗೆ ಬಿಚ್ಚುವ ಸಣ್ಣ ಕತ್ತರಿ ತೆಗೆದಳು. ನಾಲ್ಕು ಮೂಲೆ, ಸುತ್ತಲಿನ ಸಣ್ಣ ಹೊಲಿಗೆ. ತಾನೇ ಹಾಕಿದ್ದು, ಬಿಚ್ಚಲು ಎಷ್ಟು ಹೊತ್ತು ಬೇಕೆಂದು ಅವಳಿಗೆ ಗೊತ್ತು. ಜನರನ್ನು ದಾಟಿ ಮೇಡಂ ಹತ್ತಿರ ಹೋಗಿ ನಿಂತು, ಕೈ ಚಾಚಿದಳು.

"ಕೋಟು ಒಂದ್ನಿಮಿಷ ಬಿಚ್ಚಿ ಕೊಡಿ ಮೇಡಂ. ಲೇಬಲ್ ಕಿತ್ತು ವಾಪಸ್ ಕೊಡ್ತೀನಿ."

ಮೇಡಂ ಕೋಟಿನ ಅಂಚು ಬಿಡಲಿಲ್ಲ. ಅವಳು ಚಾಚಿದ ಕೈಯನ್ನು ಹಾಗೇ ಇಟ್ಟುಕೊಂಡು, ಇನ್ನೊಂದು ಸಲ ಕೇಳಿದಳು.

"ಲೇಬಲ್ ಮಾತ್ರ ಮೇಡಂ. ಕೊಡಿ."